ಕೇಕ್ ಮೇಲೆ ಕನ್ನಡ: ಒತ್ತಕ್ಷರಕ್ಕೆ ಜಾಗ ಬಿಡಿ

ನವಿ ಮುಂಬೈನ ಕಳಂಬೋಲಿಯ ಬೇಕರಿಗಳಲ್ಲಿ ಕೇಕ್ ಮೇಲೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಹೆಸರು ಬರೆಸುವುದು ಸುಲಭ. ಕನ್ನಡದಲ್ಲಿ ಬೇಕೆಂದರೆ ಸಾಮಾನ್ಯವಾಗಿ ಮನೆಯವರೇ ಕೋನ್ ಹಿಡಿಯಬೇಕು. ಹಾಗೆಂದು ಇಲ್ಲಿ ಕನ್ನಡ ಇಲ್ಲವೆಂದಲ್ಲ; ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಕಾಲೇಜಿರುವ ಊರಿದು. ಉಕ್ಕಿನ ಮಾರ್ಕೆಟ್ಟಿನ ಆಸುಪಾಸಿನ ಸೆಕ್ಟರ್‌ಗಳಲ್ಲಿ ಕನ್ನಡದ ಮನೆಗಳೂ ಇವೆ, ಮನೆಯಲ್ಲೇ ಕೇಕ್ ಮಾಡುವವರೂ ಇದ್ದಾರೆ. ಬರಹ ಕೆಡುವುದು ಕೈ ನಡುಗಿದ್ದರಿಂದ ಎಂದು ಅವರಲ್ಲಿ ಹಲವರು ಅಂದುಕೊಳ್ಳುತ್ತಾರೆ. ನಿಜವಾಗಿ ಕೆಡುವುದು ಅದಕ್ಕೂ ಮೊದಲು, ಅಳತೆಯಲ್ಲಿ.

‘ಹುಟ್ಟುಹಬ್ಬದ ಶುಭಾಶಯಗಳು’ ಎಂಬುದನ್ನೇ ನೋಡಿ. ಹನ್ನೊಂದು ಅಕ್ಷರ. ಅರ್ಧ ಕೆಜಿ ಕೇಕ್ ಎಂದರೆ ಸಾಮಾನ್ಯವಾಗಿ 6 ಇಂಚಿನ ಟಿನ್. ಅಂಚಿನ ಹೂವು, ಬಾರ್ಡರ್ ಕಳೆದರೆ ಬರೆಯಲು ಉಳಿಯುವುದು ನಾಲ್ಕೂವರೆ ಇಂಚು. ಒಂದೇ ಸಾಲಿನಲ್ಲಿ ಹಿಡಿಸುವ ಆಸೆ ಬಿಡಿ. ಮೇಲಿನ ಸಾಲಿಗೆ ಐದು, ಕೆಳಗಿನದಕ್ಕೆ ಆರು ಅಕ್ಷರ. ಇಂಗ್ಲಿಷ್ ಬರೆದು ಅಭ್ಯಾಸವಾದವರು ಎರಡು ಸಾಲುಗಳನ್ನು ಒತ್ತೊತ್ತಾಗಿ ಇಡುತ್ತಾರೆ; ಆಗ ‘ಟ್ಟು’, ‘ಬ್ಬ’ಗಳ ಒತ್ತು ಕೆಳಗಿನ ‘ಶುಭಾ’ದ ತಲೆಕಟ್ಟಿನ ಮೇಲೆ ಕೂರುತ್ತದೆ. ಅಕ್ಷರ ಎಷ್ಟು ಎತ್ತರವೋ ಅಷ್ಟೇ ಜಾಗ ಸಾಲಿನ ಕೆಳಗೆ ಖಾಲಿ ಇರಲಿ. ಹೆಸರೂ ಬೇಕು, ಜಾಗ ಸಾಲದು ಎಂದಾದರೆ ಶುಭಾಶಯವನ್ನೇ ಕೈಬಿಡಿ. ಮಗು ಹುಡುಕುವುದು ತನ್ನ ಹೆಸರನ್ನು.

ಹೆಸರನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ತರಿಸಿಕೊಳ್ಳಿ. ಶುಭಾಶಯದ ಕಾಗುಣಿತದಲ್ಲೂ ಎಚ್ಚರವಿರಲಿ: ‘ಶುಭಾಷಯ’ ಎಂಬ ತಪ್ಪು ಅಂಗಡಿ ಬೋರ್ಡಿನಿಂದ ಕೇಕಿನವರೆಗೆ ಎಲ್ಲೆಡೆ ಇದೆ. ಅಲ್ಲಿ ಬರಬೇಕಾದದ್ದು ‘ಶ’. ಕೇಕಿನ ಅಳತೆಗೆ ಬಟರ್ ಪೇಪರ್ ಕತ್ತರಿಸಿ, ಅದರ ಮೇಲೆ ಒಮ್ಮೆ ಪೆನ್ಸಿಲ್‌ನಲ್ಲಿ ಬರೆದು ನೋಡಿ. ಆಮೇಲೆ ಕೇಕಿನ ಮೇಲೆ ಟೂತ್‌ಪಿಕ್‌ನಿಂದ ಸಾಲಿನ ಗೆರೆ, ಪ್ರತಿ ಅಕ್ಷರದ ಜಾಗಕ್ಕೊಂದು ಚುಕ್ಕೆ. ದೇವನಾಗರಿಗಾದರೆ ಮೇಲೊಂದು ಗೆರೆ ಎಳೆದು ಅಕ್ಷರಗಳನ್ನು ತೂಗಿಬಿಟ್ಟರೆ ಸಾಲು ತಾನಾಗಿ ನೇರವಾಗುತ್ತದೆ. ನಮಗೆ ಆ ಆಸರೆಯಿಲ್ಲ, ಆದ್ದರಿಂದ ಈ ಗೆರೆ ಬೇಕೇ ಬೇಕು.

ಬರೆಯಲು ಡಾರ್ಕ್ ಕಾಂಪೌಂಡ್ ಚಾಕೊಲೆಟ್ ವಾಸಿ. 50 ಗ್ರಾಂಗೆ ಅರ್ಧ ಚಮಚ ಎಣ್ಣೆ ಹಾಕಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ. ಒಂದು ಹನಿ ನೀರು ಬಿದ್ದರೂ ಅದು ಗಂಟುಗಟ್ಟುತ್ತದೆ. ಚಮಚದಿಂದ ಇಳಿಬಿಟ್ಟಾಗ ಎಳೆ ತುಂಡಾಗದೆ ಬೀಳಬೇಕು. ನೀರಿನಂತೆ ಹರಿದರೆ ಎರಡು ನಿಮಿಷ ಆರಲು ಬಿಡಿ. ಕೋನ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ತುದಿ ಸೂಜಿಯಷ್ಟೇ ಕತ್ತರಿಸಿ. ನೋಝಲ್ ಹಾಕುವುದಾದರೆ 1 ಅಥವಾ 2ನೇ ನಂಬರ್. ಅದಕ್ಕಿಂತ ದಪ್ಪವಾದರೆ ‘ಭ’, ‘ಧ’ಗಳ ಕೆಳಗಿನ ಸೀಳು ಮುಚ್ಚಿಹೋಗಿ ಧನುಷ್ ದನುಷ್ ಆಗುತ್ತಾನೆ.

ಮೆಹಂದಿ ಹಾಕಿ ಪಳಗಿದ ಕೈಗೆ ಮುಂದಿನದು ಹೊಸದೇನಲ್ಲ. ಕೋನಿನ ತುದಿ ಕೇಕಿಗೆ ತಾಗಬೇಕಾದದ್ದು ಅಕ್ಷರ ಶುರುವಾಗುವಲ್ಲಿ, ಮುಗಿಯುವಲ್ಲಿ ಮಾತ್ರ. ನಡುವೆ ತುದಿಯನ್ನು ಸ್ವಲ್ಪ ಮೇಲೆತ್ತಿ. ಎಳೆ ತಾನೇ ಬಿದ್ದು ದುಂಡಗಾಗುತ್ತದೆ. ಎತ್ತುವ ಮುನ್ನ ಒತ್ತುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಪ್ರತಿ ಅಕ್ಷರಕ್ಕೂ ಬಾಲ ಬರುತ್ತದೆ. ಮೊದಲು ಸಾಲಿನ ಮೂಲಾಕ್ಷರಗಳನ್ನು ಕೊಂಬು, ದೀರ್ಘದ ಸಮೇತ ಮುಗಿಸಿ, ಒತ್ತುಗಳನ್ನು ಕೊನೆಗೆ ಒಂದೇ ಸಲ ಕೊಡುತ್ತಾ ಹೋಗಿ. ಎಲ್ಲ ಒತ್ತುಗಳೂ ಒಂದೇ ಗಾತ್ರಕ್ಕೆ ಬರುವುದು ಹೀಗೆ ಮಾಡಿದರೆ.

ನೇರವಾಗಿ ಬರೆಯಲು ಧೈರ್ಯ ಸಾಲದವರು ಬಟರ್ ಪೇಪರ್ ಮೇಲೆ ಚಾಕೊಲೆಟ್‌ನಲ್ಲಿ ಬರೆದು, ಫ್ರೀಜರಿನಲ್ಲಿ ಗಟ್ಟಿ ಮಾಡಿ, ಬಿಡಿಸಿ ಕೇಕಿಗೆ ಅಂಟಿಸುವುದುಂಟು. ಇಂಗ್ಲಿಷಿನ ಕೂಡಕ್ಷರಕ್ಕೆ ಇದು ಸರಿ. ಕನ್ನಡದಲ್ಲಿ ಒತ್ತು ಬೇರೆ, ಅಕ್ಷರ ಬೇರೆ ತುಂಡಾಗಿ ಕೈಗೆ ಬರುತ್ತವೆ. ಅದಕ್ಕಿಂತ ಬಿಳಿ ಚಾಕೊಲೆಟ್ಟಿನ ತೆಳು ಹಲಗೆ ಮಾಡಿಕೊಂಡು ಅದರ ಮೇಲೆ ಬರೆಯಿರಿ. ಕೆಟ್ಟರೆ ಹಲಗೆ ಹೋಯಿತು, ಕೇಕ್ ಉಳಿಯಿತು.

ಕೇಕಿನ ಮೇಲೆಯೇ ತಪ್ಪಾದರೆ ಗಾಬರಿಯಿಂದ ಒರೆಸಬೇಡಿ. ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಚಾಕೊಲೆಟ್ ಗಟ್ಟಿಯಾದ ಮೇಲೆ ಟೂತ್‌ಪಿಕ್‌ನಿಂದ ಆ ಅಕ್ಷರವನ್ನಷ್ಟೇ ಎಬ್ಬಿಸಿ ತೆಗೆಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ಶತ್ರು. ಫ್ರಿಜ್ಜಿನಿಂದ ತೆಗೆದ ತಣ್ಣನೆ ಕೇಕ್ ಬೆವರುತ್ತದೆ. ಆ ನೀರಿಗೆ ಕೆಂಪು ಜೆಲ್ ಬಿಳಿ ಕ್ರೀಮಿನೊಳಗೆ ಹರಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೆಂಪು ಬಣ್ಣದ ಬರಹಕ್ಕೆ ಒಪ್ಪಿಕೊಳ್ಳದಿರುವುದೇ ಲೇಸು. ಬರೆಯುವ ಕೆಲಸ ಡೆಲಿವರಿಗೆ ಸ್ವಲ್ಪ ಮುಂಚೆ ಇರಲಿ. ಕೇಕನ್ನು ಡಬ್ಬದ ಸಮೇತವೇ ಫ್ರಿಜ್ಜಿನಲ್ಲಿಟ್ಟು, ಮುಚ್ಚಿದ ಡಬ್ಬದಲ್ಲೇ ಹೊರತೆಗೆದರೆ ತೇವ ಕೂರುವುದು ಹೆಚ್ಚಾಗಿ ಡಬ್ಬದ ಮೇಲೆ. ಪನ್ವೇಲ್‌ಗೋ ಖಾರ್ಘರ್‌ಗೋ ರಿಕ್ಷಾದಲ್ಲಿ ಒಯ್ಯುವವರಿಗೆ ಡಬ್ಬವನ್ನು ತೊಡೆಯ ಮೇಲಲ್ಲ, ಕಾಲ ಬಳಿ ಸಮತಟ್ಟಾಗಿ ಇಟ್ಟುಕೊಳ್ಳಲು ಹೇಳಿ.