ಬಾಡಿಗೆಯ ಮನೆ, ಒಡೆಯನ ಹೊಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಮನೆ ಕಟ್ಟುವವನ ಕಷ್ಟವನ್ನು ಹೇಳುತ್ತದೆ. ಇನ್ನೊಬ್ಬರು ಕಟ್ಟಿದ ಮನೆಯಲ್ಲಿ ಬಾಡಿಗೆ ತೆತ್ತು ಬಾಳುವವನಿಗೂ ಅವನದೇ ಆದ ಕಷ್ಟಗಳುಂಟು. ಮಳೆಗೆ ಸೋರುವ ಮಾಳಿಗೆ, ಗಾಳಿಬೆಳಕಿಲ್ಲದ ಕೋಣೆ, ಕಟ್ಟಿಕೊಂಡ ಬಚ್ಚಲು ಇವುಗಳನ್ನು ಸರಿಪಡಿಸಬೇಕಾದವರು ಯಾರು? ಇದು ಇಬ್ಬರ ನಡುವಿನ ಸಣ್ಣ ಜಗಳವೆಂದು ತೋರಬಹುದು. ಆದರೆ ಇಡೀ ಊರಿನ ಆರೋಗ್ಯವೇ ಇದರಲ್ಲಿ ಅಡಗಿದೆ. ಈ ಸತ್ಯವನ್ನು ಬೆಂಗಳೂರಿನ ದಂಡು ಪ್ರದೇಶವು ಅಪಾರ ಸಾವುನೋವುಗಳ ಮೂಲಕ ಕಲಿಯಬೇಕಾಯಿತು.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ತಮ್ಮ ಸೈನ್ಯದ ನೆಲೆಯನ್ನು ಸ್ಥಾಪಿಸಿದರು. ಅದನ್ನು ನೆಚ್ಚಿ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಕಾರರು ಬಂದು ನೆಲಸಿದರು. ಅಧಿಕಾರಿಗಳ ಬಂಗಲೆಗಳ ಸುತ್ತ ವಿಶಾಲವಾದ ತೋಟಗಳಿದ್ದವು. ಇಂದು ಶಿವಾಜಿನಗರವೆನಿಸಿರುವ ಅಂದಿನ ಬ್ಲ್ಯಾಕ್‌ಪಲ್ಲಿಯಲ್ಲಾದರೋ ಇಕ್ಕಟ್ಟಾದ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಪೇಟೆ, ದಂಡು ಎರಡರಲ್ಲಿಯೂ ಸಹಸ್ರಾರು ಜನ ಮಡಿದರು. ಇಲಿಗಳ ಮೈಮೇಲಿನ ಚಿಗಟಗಳಿಂದ ಈ ರೋಗ ಹರಡುತ್ತದೆಂಬುದು ಮುಂದೆ ದೃಢಪಟ್ಟಿತು. ಬಿರುಕುಬಿಟ್ಟ ಗೋಡೆಯೂ ಕೊಳೆತ ಚರಂಡಿಯೂ ಇಲಿಗಳಿಗೆ ಆಶ್ರಯವಾಗಿದ್ದವು. ಆದುದರಿಂದಲೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೇಜರ್ ಟೌನ್ ಬಡಾವಣೆಯನ್ನು ಪ್ಲೇಗು ಹೊಗದಂತೆ ಯೋಜಿಸಲಾಯಿತು. ಈ ಬಗೆಯ ನಗರ ನಿರ್ಮಾಣವನ್ನು ಕುರಿತು ಜೆ. ಎಚ್. ಸ್ಟೀಫನ್ಸ್ ಎಂಬ ಎಂಜಿನಿಯರು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಹೊಸ ಬಡಾವಣೆಗಳು ಎದ್ದರೂ ಹಳೆಯ ಮನೆಗಳು ಹಾಗೆಯೇ ಉಳಿದಿದ್ದವು. ಅಲ್ಲಿನ ಬಾಡಿಗೆದಾರನಿಗೆ ಕಾನೂನಿನ ಆಸರೆ ಬೇಕಾಗಿತ್ತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮವು ಈ ವಿಷಯದಲ್ಲಿ ಎರಡು ಮುಖ್ಯ ಮಾತುಗಳನ್ನು ಹೇಳುತ್ತದೆ. ಬಾಡಿಗೆದಾರನ ಕಣ್ಣಿಗೆ ಸುಲಭವಾಗಿ ಬೀಳದ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾಲೀಕನು ಮೊದಲೇ ತಿಳಿಸಬೇಕು. ತಾನು ಮಾಡಿಸಬೇಕಾದ ದುರಸ್ತಿಯನ್ನು, ತಿಳಿಸಿದ ಬಳಿಕವೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಕರಾರಿನಲ್ಲಿ ಬೇರೆ ಷರತ್ತಿದ್ದರೆ ಈ ಹಕ್ಕುಗಳು ಸಡಿಲವಾಗಬಹುದು. ಆದ್ದರಿಂದ ಹನ್ನೊಂದು ತಿಂಗಳ ಕರಾರುಪತ್ರವೇ ಆದರೂ ಪೂರ್ತಿ ಓದದೆ ಸಹಿ ಹಾಕುವುದು ವಿವೇಕವಲ್ಲ.

ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ಕರ್ನಾಟಕ ಬಾಡಿಗೆ ಕಾಯಿದೆ, 1999 ಬಂದಿತು. ಅದು 2001ರ ಡಿಸೆಂಬರ್ 31ರಂದು ಜಾರಿಗೊಂಡಿತು. ಮನೆಯನ್ನು ವಾಸಯೋಗ್ಯವಾಗಿ ಇರಿಸುವುದು ಮಾಲೀಕನ ಕರ್ತವ್ಯವೆಂದೂ, ಸಕಾರಣವಿಲ್ಲದೆ ನೀರು, ವಿದ್ಯುತ್ತು ಮೊದಲಾದವುಗಳನ್ನು ಕಡಿಯಬಾರದೆಂದೂ ಅದು ವಿಧಿಸುತ್ತದೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಗಳನ್ನು ಮೀರಿದ ವಾಸದ ಮನೆಗಳಿಗೆ ಅದು ಅನ್ವಯಿಸುವಂತೆ ರಚಿತವಾಗಿರಲಿಲ್ಲ. ಬಾಡಿಗೆಗಳು ಏರಿದಂತೆ ಅದರ ನೆರಳಿನಿಂದ ಹೊರಬಿದ್ದ ಮನೆಗಳೂ ಹೆಚ್ಚಿದವು. ಇಂದಿರಾನಗರದ ಮಹಡಿಮನೆಯಾಗಲಿ, ಕೃಷ್ಣರಾಜಪುರದ ವಠಾರವಾಗಲಿ, ಕಾಯಿದೆಯ ಮಿತಿಗೆ ಹೊರಗಾದರೆ ಕರಾರುಪತ್ರದ ಒಂದೊಂದು ಸಾಲಿಗೂ ಮಹತ್ವ ಬರುತ್ತದೆ.

ಹೊಣೆ ಒಬ್ಬನದೇ ಅಲ್ಲ. ಬಾಡಿಗೆದಾರನು ಸಕಾಲದಲ್ಲಿ ಬಾಡಿಗೆ ಸಲ್ಲಿಸಬೇಕು. ಮನೆಯನ್ನು ತನ್ನದೆಂಬಂತೆ ಕಾಪಾಡಬೇಕು. ಕೆಟ್ಟುದನ್ನು ಮಾಲೀಕನಿಗೆ ಬರಹದಲ್ಲಿ ತಿಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಬಾಯಿಮಾತಿನ ದೂರು ಮರೆತುಹೋಗುತ್ತದೆ. ಕಾಗದ ಸಾಕ್ಷಿ ನುಡಿಯುತ್ತದೆ.

ಬಾಡಿಗೆಯೆಂಬುದು ನಾಲ್ಕು ಗೋಡೆಗಳಿಗೆ ಕೊಡುವ ಹಣವಲ್ಲ, ಬಾಳಲು ತಕ್ಕ ಮನೆಗೆ ಕೊಡುವ ಬೆಲೆ. ಆ ಬೆಲೆಯನ್ನು ಪಡೆದವನು ಸೋರುವ ಮಾಡನ್ನು ಸರಿಪಡಿಸಿದರೆ ಅದು ಉಪಕಾರವಲ್ಲ, ಕರ್ತವ್ಯ. ಪ್ಲೇಗಿನ ಇಲಿಗಳು ಒಡೆಯನ ಮನೆ ಯಾವುದು, ಬಾಡಿಗೆಯ ಮನೆ ಯಾವುದು ಎಂದು ವಿಚಾರಿಸಿ ನುಗ್ಗಲಿಲ್ಲ.