ಸೀಟು ಸಿಕ್ಕಿತು, ಮುಂದೇನು?

ಸುರಪುರ, ಶಹಾಪುರದಿಂದ ಕಲಬುರಗಿಗೆ ಓದಲಿಕ್ಕೆ ಹೊರಟವರು ದಾನಿಯೇಲ 1 ತೆಗೀರಿ. ಬಾಬೆಲಿನಲ್ಲಿ ಅವನಿಗೂ ಮೂರು ವರ್ಷದ ಶಿಕ್ಷಣ. ಅರಸನ ಊಟ ಬೇಡ ಅಂದವನು ಕಸ್ದೀಯರ ಭಾಷೆ ಬೇಡ ಅನ್ನಲಿಲ್ಲ, ಕಲಿತ.

ನಾನು ಇಲ್ಲೇ ತಪ್ಪಿದೆ. ಕನ್ನಡ ಮೀಡಿಯಂನಿಂದ ಡಿಗ್ರಿಗೆ ಹೋದವನಿಗೆ ಇಂಗ್ಲಿಷ್ ಪಾಠ ತಿಳೀಲಿಲ್ಲ. ಹಿಂದಿನ ಬೆಂಚು ಹಿಡಿದೆ. ಉಪವಾಸ ಮಾಡಿದೆ, ಪುಸ್ತಕ ಮಾತ್ರ ತೆರೀಲಿಲ್ಲ. ಎರಡು ವಿಷಯ ಹೋದವು. ಅಪ್ಪನಿಗೆ ಹೇಳೋ ಧೈರ್ಯ ಬರಲಿಕ್ಕೆ ಆರು ತಿಂಗಳಾಯ್ತು.

ಕ್ಲಾಸು ಶುರುವಾಗೋ ಮುಂಚೆಯೇ ಸಿಲಬಸ್ ಇಸ್ಕೊಳ್ರಿ, ದಿನಾ ಒಂದು ಪುಟ ಇಂಗ್ಲಿಷ್ ಓದ್ರಿ. ಸ್ಕಾಲರ್‌ಶಿಪ್ಪಿಗೆ ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡ್ರಿ. ದಾನಿಯೇಲನಿಗೆ ಮೂವರು ಗೆಳೆಯರಿದ್ದರು. ಹಾಸ್ಟೆಲಿನಲ್ಲಿ ನಿಮಗೂ ಜೊತೆಗೆ ಪ್ರಾರ್ಥಿಸೋರು ಒಬ್ಬರಾದರೂ ಬೇಕು. ಆರಾಧನೆ ಮುಗಿದ ಮೇಲೆ ನಿಲ್ರಿ, ಅಲ್ಲಿ ಓದ್ತಿರೋ ನಮ್ಮ ಸಭೆಯ ಅಣ್ಣ-ಅಕ್ಕಂದಿರ ನಂಬರ್ ಕೊಡ್ತೇನೆ.