ತಜ್ಞ ಸಾಕ್ಷಿ ಹೇಳಲು ಒಪ್ಪುವ ಮೇಷ್ಟ್ರುಗಳ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಕೆನಡಾದಿಂದಲೋ ಲಂಡನ್ನಿನಿಂದಲೋ ವಕೀಲರ ಇಮೇಲ್ ಬರುತ್ತದೆ: ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿದ ಒಬ್ಬರು ಇಲ್ಲಿ ಆಶ್ರಯ ಕೇಳಿದ್ದಾರೆ, ಭಾರತದಲ್ಲಿ ಅವರ ಸ್ಥಿತಿಗತಿ ಬರೆದುಕೊಡಿ. ಒಪ್ಪುವ ಮೊದಲು ಇದನ್ನು ಓದಿ.

ಫೀಸು ಕೊಡುವವರು ವಕೀಲರಾದರೂ ನೀವು ಕೋರ್ಟಿಗೆ ಬದ್ಧರು. ಗಂಟೆಗಿಷ್ಟು ಎಂದು ತೆಗೆದುಕೊಳ್ಳಿ, ಗೆದ್ದರೆ ಇಷ್ಟು ಎಂಬ ಮಾತು ಬೇಡ.

ಕಾನೂನಿನ ಸಾಲು ಬರೆದು ಪೆನ್ನು ಮುಚ್ಚಬೇಡಿ. 26-1-1950ರಿಂದ 1-7-1987ರ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಪೌರತ್ವ ಕಾಯ್ದೆ. ಟಿಬೆಟನ್ನರಿಗೂ ಇದು ಸಲ್ಲುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. ಆದರೆ ಆರ್‌ಸಿ (ಟಿಬೆಟನ್ನರ ನೋಂದಣಿ ಪತ್ರ) ಹಿಡಿದು ಪಾಸ್‌ಪೋರ್ಟ್ ಕೌಂಟರಿಗೆ ಹೋದವರಿಗೆ ಸಿಕ್ಕ ಉತ್ತರವೇನು? ಕೋರ್ಟಿಗೆ ಬೇಕಿರುವುದು ಅದು. ಕೆನಡಾದ ಫೆಡರಲ್ ಅಪೀಲು ಕೋರ್ಟು 2016ರ ಟ್ರೆಟ್ಸೆಟ್ಸಾಂಗ್ ಪ್ರಕರಣದಲ್ಲಿ ಕೇಳಿದ್ದೂ ಇದನ್ನೇ: ಪೌರತ್ವದ ಹಕ್ಕು ದಕ್ಕಿಸಿಕೊಳ್ಳಲು ಇರುವ ಅಡ್ಡಿ ಎಷ್ಟು ದೊಡ್ಡದು, ಅದನ್ನು ದಾಟಲು ಅರ್ಜಿದಾರ ತಕ್ಕ ಪ್ರಯತ್ನ ಮಾಡಿದ್ದಾನೆಯೇ. ಯಾವ ವರ್ಷ, ಯಾವ ಕಚೇರಿ, ಯಾವ ಕಾಗದ ಕೇಳಿದರು ಎಂದು ಬರೆಯಿರಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯಿರಿ.

‘ಅರ್ಜಿದಾರ ಸುಳ್ಳು ಹೇಳುವವನಲ್ಲ’ ಎಂದು ಬರೆಯಲೇಬೇಡಿ. ಅದನ್ನು ತೀರ್ಮಾನಿಸಲು ಅಲ್ಲೊಬ್ಬ ನ್ಯಾಯಾಧೀಶರಿದ್ದಾರೆ.

ಊರಿನ ಹೆಸರನ್ನು ಒಂಟಿಯಾಗಿ ಬಿಡಬೇಡಿ. ಶೆಟ್ಟಿಹಳ್ಳಿ ಎಂದರೆ ತುಮಕೂರಿನವರಾದ ನಮಗೆ ಒಂದೇ. ಬೆಂಗಳೂರಿನ ಜಾಲಹಳ್ಳಿ ಕಡೆ ಇನ್ನೊಂದಿದೆ, ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಚರ್ಚಿನ ಶೆಟ್ಟಿಹಳ್ಳಿ ಹಾಸನ ಜಿಲ್ಲೆಯದು. ಬೈಲಕುಪ್ಪೆಯನ್ನಂತೂ ಕುಶಾಲನಗರದ ಪಕ್ಕದಲ್ಲಿದೆಯೆಂದು ಕೊಡಗಿಗೆ ಸೇರಿಸಿಬಿಡುವವರು ಬಹಳ. ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಇಂಥ ಒಂದು ತಪ್ಪು ಸಿಕ್ಕರೆ ಸಾಕು, ಎದುರು ವಕೀಲರು ಇಡೀ ವರದಿಯನ್ನು ಮೂಲೆಗೆ ತಳ್ಳಿಸುತ್ತಾರೆ.

ಅರ್ಜಿದಾರರ ಹೆಸರು ಹಿಡಿದು ಕ್ಯಾಂಪಿಗೆ ಫೋನ್ ಮಾಡಿ ವಿಚಾರಿಸಬೇಡಿ. ಸಂಜೆಯೊಳಗೆ ಸುದ್ದಿ ಅವರ ಮನೆ ಮುಟ್ಟಿರುತ್ತದೆ. ಸ್ಟಾಫ್ ರೂಮಿನ ಟೀ ಹೊತ್ತಿಗೂ ಈ ವಿಷಯ ತರಬೇಡಿ.

ಧ್ವನಿಮುದ್ರಿಕೆ ಕಳಿಸಿ ‘ಈತ ಯಾವ ದೇಶದವನು’ ಎಂದು ಕೇಳಿದರೆ, ಭಾಷಾಶಾಸ್ತ್ರ ಓದದವರು ಕೈ ಹಾಕಬೇಡಿ. ಓದಿದವರೂ ಮಾತು ಎಲ್ಲಿ ಬೆಳೆದದ್ದೆಂದಷ್ಟೇ ಹೇಳಿ. ಪೌರತ್ವ ನಾಲಗೆಯ ಮೇಲೆ ಕೇಳಿಸುವುದಿಲ್ಲ.

ನಿಮ್ಮ ವಿಷಯವಲ್ಲದ ಪ್ರಶ್ನೆಗೆ ‘ಇದು ನನ್ನ ವಿಷಯವಲ್ಲ’ ಎಂದು ಬರೆದು ಮುಂದಿನದಕ್ಕೆ ಹೋಗಿ.

ಟಿಪ್ಪಣಿ ಪುಸ್ತಕ ರದ್ದಿಗೆ ಹಾಕಬೇಡಿ. ವರ್ಷ ಕಳೆದ ಮೇಲೆ, ರಾತ್ರಿ ಹತ್ತಕ್ಕೆ, ವಿಡಿಯೊದಲ್ಲಿ ಪಾಟೀಸವಾಲು ಬಂದೀತು. ಅಷ್ಟರೊಳಗೆ ಯುಪಿಎಸ್‌ನ ಬ್ಯಾಟರಿಯನ್ನೂ ಒಮ್ಮೆ ನೋಡಿಸಿಡಿ.